ಐದು ವಾಲ್ವಿನ ಪೆಟ್ಟಿಗೆ: ಜಾದವ್‌ಪುರದ ಒಂದು ಹಳೆಯ ರೇಡಿಯೋ ಮತ್ತು ಅದರ ಹಿಂದಿನ ಚರಿತ್ರೆ



ನಮ್ಮ ಕಡೆ ಮಹಾಲಯ ಅಮಾವಾಸ್ಯೆ ಎಂದರೆ ಹಿರಿಯರಿಗೆ ಎಡೆ ಇಡುವ ದಿನ. ಬಂಗಾಳದಲ್ಲಿ ಅದು ರೇಡಿಯೋ ಹಾಕುವ ದಿನವೂ ಹೌದು. ಬೆಳಗಿನ ಜಾವ ನಾಲ್ಕು ಗಂಟೆಗೆ ಆಕಾಶವಾಣಿ ಕೋಲ್ಕತ್ತ ಕೇಂದ್ರ ‘ಮಹಿಷಾಸುರಮರ್ದಿನಿ’ಯನ್ನು ಪ್ರಸಾರ ಮಾಡುತ್ತದೆ. ಬಾಣಿಕುಮಾರ್ ಬರೆದು, ಪಂಕಜ್ ಕುಮಾರ್ ಮಲ್ಲಿಕ್ ಸಂಗೀತ ಕೂಡಿಸಿ, ಬೀರೇಂದ್ರ ಕೃಷ್ಣ ಭದ್ರ ಚಂಡೀಪಾಠ ಮಾಡಿದ ಕಾರ್ಯಕ್ರಮ ಅದು. 1930ರ ದಶಕದ ಆರಂಭದಿಂದ ನಡೆದು ಬಂದಿದೆ. ಮೊದಲೆಲ್ಲ ವರ್ಷವರ್ಷವೂ ಕಲಾವಿದರು ನಸುಕಿನಲ್ಲೇ ಸ್ಟುಡಿಯೋದಲ್ಲಿ ಕೂತು ನೇರವಾಗಿ ಹಾಡುತ್ತಿದ್ದರು, ಆಮೇಲೆ ಧ್ವನಿಮುದ್ರಣ ಬಂತು. 1976ರಲ್ಲಿ ಯಾರಿಗೋ ಹೊಸತನದ ಹುಮ್ಮಸ್ಸು ಬಂದು, ಸಿನಿಮಾ ನಟ ಉತ್ತಮ್ ಕುಮಾರ್ ಧ್ವನಿಯಲ್ಲಿ ಬೇರೆಯೇ ಕಾರ್ಯಕ್ರಮ ಹಾಕಿದರು. ಉತ್ತಮ್ ಕುಮಾರ್ ಎಂದರೆ ಬಂಗಾಳಿಗಳಿಗೆ ನಮ್ಮ ರಾಜಕುಮಾರ್ ಇದ್ದ ಹಾಗೆ. ಆದರೂ ಜನ ಒಪ್ಪಲಿಲ್ಲ. ಊರೇ ರೇಗಿತು, ಹಳೆಯದನ್ನೇ ಮರಳಿ ತರಬೇಕಾಯಿತು!

ಈ ಕಾರಣಕ್ಕೇ ಪ್ರತಿವರ್ಷ ಮಹಾಲಯಕ್ಕೆ ಎರಡು ಮೂರು ವಾರ ಇರುವಾಗ ಕೋಲ್ಕತ್ತದ ರೇಡಿಯೋ ರಿಪೇರಿಯವರಿಗೆ ಇದ್ದಕ್ಕಿದ್ದಂತೆ ಕೈತುಂಬ ಕೆಲಸ. ಅಟ್ಟದಿಂದ, ಮಂಚದ ಕೆಳಗಿನಿಂದ ಪೆಟ್ಟಿಗೆಗಳು ಹೊರಬರುತ್ತವೆ. ಮೊಬೈಲಿನಲ್ಲಿ ಅದೇ ಪಾಠ ಯಾವ ಹೊತ್ತಿಗೆ ಬೇಕಾದರೂ ಸಿಗುತ್ತದಲ್ಲ ಎಂದರೆ ಅದು ಬೇರೆ, ಇದು ಬೇರೆ ಎನ್ನುತ್ತಾರೆ.

ನಾವಿರುವುದು ಜಾದವ್‌ಪುರದಲ್ಲಿ, 8ಬಿ ಬಸ್ ನಿಲ್ದಾಣದಿಂದ ಒಳಗೆ. ಕೆಳಗಿನ ಮನೆಯ ಮಾಶಿಮಾ ಅವರಲ್ಲಿ ಅಂಥದೊಂದು ಪೆಟ್ಟಿಗೆ ಇತ್ತು. (ಮಾಶಿಮಾ ಎಂದರೆ ಚಿಕ್ಕಮ್ಮ, ದೊಡ್ಡಮ್ಮ. ಇಲ್ಲಿ ವಯಸ್ಸಾದ ನೆರೆಯವರನ್ನೆಲ್ಲ ಹಾಗೇ ಕರೆಯುವುದು.) ಅರವತ್ತರ ದಶಕದಲ್ಲಿ ಅವರ ಯಜಮಾನರು ಕೊಂಡದ್ದು, ಐದು ವಾಲ್ವಿನ ಎಸಿ-ಡಿಸಿ ಸೆಟ್. ಮೂವತ್ತು ವರ್ಷದಿಂದ ಮಾತಾಡಿಲ್ಲ. ಮಗ ಒಳ್ಳೆಯವನೇ, ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಅವನ ಸಲಹೆ ಹೀಗಿತ್ತು: ಒಳಗಿನ ಹಳೆಯ ಸಾಮಾನೆಲ್ಲ ಕಿತ್ತು ಹಾಕೋಣ, ಬ್ಲೂಟೂತ್ ಬೋರ್ಡು, ಹೊಸ ಸ್ಪೀಕರ್ ಕೂರಿಸೋಣ, ಹೊರಗಿನಿಂದ ನೋಡಲು ಅದೇ ರೇಡಿಯೋ. ಮಾಶಿಮಾ ಕೇಳಿದ್ದು ಒಂದೇ ಮಾತು: “ಹಾಗಾದರೆ ಮಾತಾಡುವುದು ಇದೇ ರೇಡಿಯೋನಾ?” ದೂರವಾಣಿ ಇಲಾಖೆಯಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದು ವಯಸ್ಸಾದ ನನ್ನನ್ನು ಪಂಚಾಯಿತಿಗೆ ಕರೆದರು. ಮಹಾಲಯಕ್ಕೆ ಐದು ವಾರ ಬಾಕಿ ಇತ್ತು.

ರಿಪೇರಿಯ ವಿಷಯ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಆ ಪೆಟ್ಟಿಗೆ ಈ ಊರಿಗೆ ಹೇಗೆ ಬಂತು ಎಂಬ ಕಥೆ.

ಕಲ್ಕತ್ತಕ್ಕೂ ರೇಡಿಯೋಗೂ ಇರುವ ನಂಟು ರೇಡಿಯೋದಷ್ಟೇ ಹಳೆಯದು. 1895ರಲ್ಲಿ ಜಗದೀಶ್‌ಚಂದ್ರ ಬೋಸರು ಇಲ್ಲಿನ ಟೌನ್ ಹಾಲಿನಲ್ಲಿ ತಂತಿಯಿಲ್ಲದೆ ಅಲೆಗಳನ್ನು ಕಳಿಸಿ ತೋರಿಸಿದರು. ಗೆಲೀನಾ ಹರಳಿನಿಂದ ಅಲೆಗಳನ್ನು ಹಿಡಿಯುವ ಅವರ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ತುದಿಗಳ ಗಾಜಿನ ಬುರುಡೆಯನ್ನು ಕಂಡುಹಿಡಿದ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬುರುಡೆಯಾದ್ದರಿಂದ, ನೀರಿನ ಕೊಳವೆಯ ವಾಲ್ವಿನ ಹೆಸರನ್ನೇ ಅದಕ್ಕೂ ಇಟ್ಟ. ಎರಡು ಮೂರು ವರ್ಷದಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ನಡುವೆ ಒಂದು ಜಾಲರಿಯನ್ನು ಸೇರಿಸಿದ. ಕ್ಷೀಣ ಸಂಕೇತವನ್ನು ದೊಡ್ಡದು ಮಾಡುವ ದಾರಿ ಅಲ್ಲಿಂದ ತೆರೆಯಿತು. ಬೋಸರ ಹರಳು ಅರೆವಾಹಕಗಳ ದಾರಿ, ಫ್ಲೆಮಿಂಗನ ಬುರುಡೆ ವಾಲ್ವಿನ ದಾರಿ. ಮುಂದಿನ ಅರ್ಧ ಶತಮಾನ ಗೆದ್ದದ್ದು ಬುರುಡೆ. ಆಮೇಲೆ ಹರಳಿನ ವಂಶವೇ ಟ್ರಾನ್ಸಿಸ್ಟರ್ ಆಗಿ ಬಂದು ಅದನ್ನು ಮನೆಯಿಂದ ಹೊರಗೆ ಹಾಕಿತು.

1920ರ ದಶಕದಲ್ಲಿ ಫ್ರಾನ್ಸಿನಲ್ಲಿ ವಾಲ್ವುಗಳ ಕೆಲಸ ಕಲಿತು ಬಂದ ಶಿಶಿರ್ ಕುಮಾರ್ ಮಿತ್ರ ಅವರು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ವೈರ್‌ಲೆಸ್ ಪಾಠ ಶುರುಮಾಡಿದರು. ರೇಡಿಯೋ ಅಲೆಗಳನ್ನು ಮರಳಿ ನೆಲಕ್ಕೆ ಕಳಿಸುವ ಅಯಾನುಗೋಳದ ಬಗ್ಗೆ ಜಗತ್ತು ಓದಿದ ಅವರ ಪುಸ್ತಕ ‘ದಿ ಅಪ್ಪರ್ ಅಟ್ಮಾಸ್ಫಿಯರ್’ 1947ರಲ್ಲಿ ಹೊರಬಂತು. 1927ರ ಆಗಸ್ಟ್ 26ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕಲ್ಕತ್ತ ಕೇಂದ್ರ ಒಂದನೇ ನಂಬರ್ ಗಾರ್ಸ್ಟಿನ್ ಪ್ಲೇಸಿನ ಮನೆಯಲ್ಲಿ ಶುರುವಾಯಿತು. ಮುಂಬಯಿ ಕೇಂದ್ರ ಅದಕ್ಕಿಂತ ಒಂದು ತಿಂಗಳು ಹಿರಿಯದು. ಕಂಪನಿ ಮೂರು ವರ್ಷ ತುಂಬುವ ಮೊದಲೇ ದಿವಾಳಿಯಾಗಿ ಸರ್ಕಾರ ವಹಿಸಿಕೊಂಡಿತು, 1936ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂತು. ಗಾರ್ಸ್ಟಿನ್ ಪ್ಲೇಸ್ ಮನೆಯಲ್ಲಿ ದೆವ್ವ ಇತ್ತೆಂದು ಇಲ್ಲಿನ ಹಳಬರು ಈಗಲೂ ರಸವತ್ತಾಗಿ ಹೇಳುತ್ತಾರೆ. 1941ರ ಆಗಸ್ಟ್ 7ರಂದು ರವೀಂದ್ರನಾಥ ಠಾಕೂರರು ತೀರಿಕೊಂಡಾಗ, ಅಂತ್ಯಯಾತ್ರೆಯ ವೀಕ್ಷಕ ವಿವರಣೆಯನ್ನು ಇದೇ ಬೀರೇಂದ್ರ ಕೃಷ್ಣ ಭದ್ರರು ಕೊಟ್ಟರು. 1958ರಲ್ಲಿ ಕೇಂದ್ರ ಈಡನ್ ಗಾರ್ಡನ್ಸ್ ಪಕ್ಕದ ಈಗಿನ ಕಟ್ಟಡಕ್ಕೆ ಬಂತು.

ಇಲ್ಲಿ ಕನ್ನಡಿಗರಾದ ನಾವು ಸ್ವಲ್ಪ ಎದೆಯುಬ್ಬಿಸಬಹುದು. ಬಂಗಾಳಿ ಮಿತ್ರರು ‘ಆಕಾಶವಾಣಿ’ ಎಂಬ ಹೆಸರು ಕೊಟ್ಟದ್ದು ಠಾಕೂರರು ಎನ್ನುತ್ತಾರೆ. ಕಲ್ಕತ್ತದಲ್ಲಿ 1938ರಲ್ಲಿ ಶಾರ್ಟ್‌ವೇವ್ ಪ್ರಸಾರ ಆರಂಭವಾದಾಗ ಅವರು ಆ ಹೆಸರಿನ ಕವಿತೆ ಬರೆದುಕೊಟ್ಟದ್ದು ನಿಜ. ಆದರೆ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಸಣ್ಣ ಪ್ರೇಷಕವಿಟ್ಟು ಪ್ರಸಾರ ಶುರುಮಾಡಿದ್ದು 1935ರಲ್ಲಿ. ಅದಕ್ಕೆ ಆಕಾಶವಾಣಿ ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇಡೀ ದೇಶದ ರೇಡಿಯೋಗೆ ಆ ಹೆಸರು ಬಂದದ್ದು ಐವತ್ತರ ದಶಕದಲ್ಲಿ. ಪಾಡಾದ ಅಡ್ಡಾದಲ್ಲಿ, ಅಂದರೆ ಬೀದಿಯ ಹರಟೆಕಟ್ಟೆಯಲ್ಲಿ, ನಾನು ಈ ತಾರೀಖುಗಳನ್ನು ಹೇಳಿದರೆ ಒಂದು ನಿಮಿಷ ಮೌನ, ಆಮೇಲೆ ಇನ್ನೊಂದು ಸುತ್ತು ಚಹಾ. ಎರಡು ಊರಿನವರಿಗೂ ಒಂದೇ ಸಂಸ್ಕೃತ ಪದ ಹೊಳೆದಿದ್ದರೆ ಅದರಲ್ಲಿ ಜಗಳವಾಡುವುದಕ್ಕೇನಿದೆ, ಬಿಡಿ.

ಇನ್ನು ಪೆಟ್ಟಿಗೆಗೆ ಬರೋಣ. ಎಸಿ-ಡಿಸಿ ಸೆಟ್ ಎಂದೆನಲ್ಲ, ಅದರ ಹಿಂದೆ ಈ ನಗರದ ಕರೆಂಟಿನ ಚರಿತ್ರೆಯೇ ಇದೆ. 1899ರ ಏಪ್ರಿಲ್‌ನಲ್ಲಿ ಇಮಾಂಬಾಗ್ ಲೇನಿನಲ್ಲಿ ಕಲ್ಕತ್ತ ಎಲೆಕ್ಟ್ರಿಕ್ ಸಪ್ಲೈ ಕಾರ್ಪೊರೇಷನ್ನಿನ ಮೊದಲ ಉತ್ಪಾದನಾ ಕೇಂದ್ರ ಶುರುವಾಯಿತು. ಅದು ಕೊಟ್ಟದ್ದು ಡಿಸಿ ಕರೆಂಟು. ಶಿವನಸಮುದ್ರದಿಂದ 1905ರಲ್ಲಿ ಬೆಂಗಳೂರಿಗೆ ಬಂದದ್ದು ಎಸಿ. ನಮ್ಮವರು ದೂರದ ಜಲಪಾತದಿಂದ ತರಬೇಕಿತ್ತು, ಎಸಿ ಇಲ್ಲದೆ ಆಗುತ್ತಿರಲಿಲ್ಲ. ಇವರು ಪಕ್ಕದ ಬೀದಿಯಲ್ಲೇ ಕಲ್ಲಿದ್ದಲು ಸುಟ್ಟರು, ಡಿಸಿಯೇ ಸಾಕಾಯಿತು. ಸ್ವಾತಂತ್ರ್ಯದ ನಂತರವೂ ಬಹುಕಾಲ ಕೋಲ್ಕತ್ತದ ನಡುಭಾಗದ ಹಳೆಯ ಕಟ್ಟಡಗಳಲ್ಲಿ ಡಿಸಿ ಉಳಿದಿತ್ತು, ಗಡಗಡ ಎನ್ನುವ ಡಿಸಿ ಫ್ಯಾನುಗಳೂ ಇದ್ದವು. ಒಂದು ಬೀದಿಯಲ್ಲಿ ಎಸಿ, ಇನ್ನೊಂದರಲ್ಲಿ ಡಿಸಿ. ಬಾಡಿಗೆ ಮನೆ ಬದಲಾಯಿಸಿದರೆ ರೇಡಿಯೋ ಕೆಲಸಕ್ಕೆ ಬಾರದು! ಆದ್ದರಿಂದಲೇ ಎರಡಕ್ಕೂ ನಡೆಯುವ ಸೆಟ್ಟುಗಳಿಗೆ ಇಲ್ಲಿ ಬೇಡಿಕೆ. ಡಿಸಿ ಮನೆಯಲ್ಲಿ ಪ್ಲಗ್ ಹಾಕಿದಾಗ ಸೆಟ್ ಬಿಸಿಯಾದರೂ ಸದ್ದು ಬರದಿದ್ದರೆ ಪ್ಲಗ್ಗನ್ನು ತಿರುಗಿಸಿ ಹಾಕಬೇಕು. ಹಳಬರಿಗೆ ಇದು ನೆನಪಿರಬಹುದು.

ಎರಡಕ್ಕೂ ನಡೆಯಬೇಕಾದರೆ ಒಳಗೆ ಟ್ರಾನ್ಸ್‌ಫಾರ್ಮರ್ ಇರುವಂತಿಲ್ಲ, ಯಾಕೆಂದರೆ ಡಿಸಿಯಲ್ಲಿ ಅದು ಕೆಲಸ ಮಾಡದು. ಹಾಗಾಗಿ ಐದು ವಾಲ್ವಿನ ಕಾಯಿಸುವ ತಂತಿಗಳನ್ನು ದೀಪದ ಸರದಂತೆ ಒಂದರ ಹಿಂದೆ ಒಂದು ಜೋಡಿಸುತ್ತಾರೆ. ನಮ್ಮ ಪೆಟ್ಟಿಗೆಯ ವಾಲ್ವುಗಳು ಇವು: ಯುಸಿಎಚ್ 81, ಯುಬಿಎಫ್ 89, ಯುಬಿಸಿ 81, ಯುಎಲ್ 84, ಯುವೈ 85. ನೋಡಲು ಲಾಟರಿ ನಂಬರಿನಂತಿದ್ದರೂ ಈ ಹೆಸರುಗಳಲ್ಲಿ ಜಾತಕವೇ ಇದೆ. ಮೊದಲಕ್ಷರ ‘ಯು’ ಎಂದರೆ 100 ಮಿಲಿ ಆಂಪಿಯರ್ ಸರಣಿಯದು. ಅದೇ ‘ಇ’ ಇದ್ದರೆ 6.3 ವೋಲ್ಟಿನದು, ಟ್ರಾನ್ಸ್‌ಫಾರ್ಮರ್ ಇರುವ ಎಸಿ ಸೆಟ್ಟಿನದು. ‘ಸಿ’ ಎಂದರೆ ಟ್ರಯೋಡ್, ‘ಎಫ್’ ಪೆಂಟೋಡ್, ‘ಬಿ’ ಜೋಡಿ ಡಯೋಡ್, ‘ಎಲ್’ ಸ್ಪೀಕರನ್ನು ಓಡಿಸುವ ಬಲಶಾಲಿ, ‘ವೈ’ ಎಸಿಯನ್ನು ಡಿಸಿ ಮಾಡುವಾತ. ಕಾಯುವುದಕ್ಕೆ ಇವುಗಳಿಗೆ ಬೇಕಾದದ್ದು ಕ್ರಮವಾಗಿ 19, 19, 14, 45, 38 ವೋಲ್ಟ್. ಕೂಡಿಸಿದರೆ 135. ಮನೆಗೆ ಬರುವುದು 220. ಉಳಿದ 85 ವೋಲ್ಟನ್ನು ಒಂದು ದಪ್ಪ ರೆಸಿಸ್ಟರ್ ಬಿಸಿಯಾಗಿ ಕಳೆಯುತ್ತದೆ, ಸುಮಾರು ಎಂಟೂವರೆ ವ್ಯಾಟ್. ಚಳಿಗಾಲದಲ್ಲಿ ಬೆಕ್ಕು ರೇಡಿಯೋ ಮೇಲೆ ಮಲಗುತ್ತಿದ್ದದ್ದು ಸುಮ್ಮನೆ ಅಲ್ಲ. ಈ ಸರದಲ್ಲಿ ಒಂದು ವಾಲ್ವ್ ಹೋದರೂ ಐದೂ ಕತ್ತಲು.

ಅಪಾಯವಿರುವುದೂ ಇಲ್ಲೇ. ಟ್ರಾನ್ಸ್‌ಫಾರ್ಮರ್ ಇಲ್ಲದ್ದರಿಂದ ಗೋಡೆಯ ಕರೆಂಟಿನ ಒಂದು ತಂತಿ ನೇರವಾಗಿ ಒಳಗಿನ ಲೋಹದ ತಟ್ಟೆಗೆ, ಅಂದರೆ ಚಾಸಿಗೆ, ಸೇರಿರುತ್ತದೆ. ಪ್ಲಗ್ ಉಲ್ಟಾ ಆದರೆ ಇಡೀ ಚಾಸಿಯಲ್ಲಿ 220 ವೋಲ್ಟ್. ಮರದ ಪೆಟ್ಟಿಗೆ, ಬೇಕಲೈಟ್ ಗುಬ್ಬಿ, ಹಿಂದಿನ ರಟ್ಟಿನ ಹಲಗೆ ಇವೆಲ್ಲ ಚಂದಕ್ಕಲ್ಲ, ಮನುಷ್ಯ ಮತ್ತು ಚಾಸಿಯ ನಡುವಿನ ರಕ್ಷಣೆಗೆ. ಗುಬ್ಬಿಯ ಪುಟ್ಟ ತಿರುಪು ಬೆರಳಿಗೆ ತಾಗದಂತೆ ಅದರ ಮೇಲೆ ಮೇಣ ತುಂಬಿರುತ್ತಿದ್ದರು. ಗುಬ್ಬಿ ಕಳೆದುಹೋಗಿ ಬರೀ ಲೋಹದ ಕಡ್ಡಿ ಹಿಡಿದು ರೇಡಿಯೋ ತಿರುಗಿಸುವ ಮನೆಗಳನ್ನು ಕಂಡಿದ್ದೇನೆ. ದಯವಿಟ್ಟು ಬೇಡ.

ನಮ್ಮ ಪೆಟ್ಟಿಗೆಯ ಹಿಂಬದಿ ಬಿಚ್ಚಿದಾಗ ಐದರಲ್ಲಿ ಎರಡು ವಾಲ್ವಿನ ಮೇಲೆ ‘ಬಿಇಎಲ್’ ಎಂಬ ಮುದ್ರೆ ಕಂಡು ನನಗೆ ಮೈ ಝುಮ್ಮೆಂದಿತು. ಜಾಲಹಳ್ಳಿಯವು! 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತು. ಅದಕ್ಕೆ ಮೊದಲು ಈ ಬುರುಡೆಗಳು ಹಡಗಿನಲ್ಲಿ ಬರಬೇಕಿತ್ತು. ಯುದ್ಧ ಮುಗಿದ ಹೊಸದರಲ್ಲಿ ಸೇನೆಯ ಹೆಚ್ಚುವರಿ ಸಾಮಾನಿನ ಹರಾಜಿನಿಂದಲೂ ರಿಪೇರಿಯವರು ಕೊಳ್ಳುತ್ತಿದ್ದರು. ಇನ್ನು ಸೆಟ್ಟುಗಳ ಮಾತು ಹೇಳುವುದಾದರೆ, ಫಿಲಿಪ್ಸ್ ಕಂಪನಿ 1948ರಲ್ಲಿ ಕಲ್ಕತ್ತದಲ್ಲೇ ರೇಡಿಯೋ ತಯಾರಿಸಲು ತೊಡಗಿತ್ತು. ಬೆಂಗಳೂರಿನ ಗಾಜು, ಬಂಗಾಳದ ಪೆಟ್ಟಿಗೆ. ದೇಶದ ಎಷ್ಟೋ ಮನೆಗಳ ಸಂಜೆಗಳು ಹೀಗೆ ಎರಡು ಊರಿನ ಕೈಯಲ್ಲಿ ಆದವು.

ಜಾದವ್‌ಪುರವೂ ಯಂತ್ರಗಳಿಗೆ ಅಪರಿಚಿತವಾದ ಜಾಗವಲ್ಲ. 1906ರ ಸ್ವದೇಶಿ ಚಳವಳಿಯ ಬಿಸಿಯಲ್ಲಿ ಹುಟ್ಟಿದ ರಾಷ್ಟ್ರೀಯ ಶಿಕ್ಷಣ ಪರಿಷತ್ತಿನ ತಾಂತ್ರಿಕ ಶಾಲೆ ಇಲ್ಲಿಗೆ ಬಂದು, ಕಾಲೇಜಾಗಿ, 1955ರಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯವಾಯಿತು. ಸಿ. ವಿ. ರಾಮನ್ನರು ಬೌಬಜಾರಿನಲ್ಲಿ ಕೆಲಸ ಮಾಡಿದ ವಿಜ್ಞಾನ ಸಂಸ್ಥೆಯೂ ಐವತ್ತರ ದಶಕದಲ್ಲಿ ಇಲ್ಲಿಗೇ ಬಂತು. ಅಷ್ಟರಲ್ಲಿ ರಾಮನ್ನರು ನಮ್ಮ ಬೆಂಗಳೂರಿಗೆ ಬಂದು ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಸ್ವಾರಸ್ಯವೆಂದರೆ ವಾಲ್ವಿನ ಕಾಲ ಮುಗಿಯುತ್ತಿದೆ ಎಂಬ ಸೂಚನೆಯೂ ಇದೇ ಊರಲ್ಲಿ ಸಿಕ್ಕಿತು. ಬಾರಾನಗರದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಐವತ್ತರ ದಶಕದಲ್ಲಿ ವಿದೇಶದಿಂದ ತರಿಸಿದ ಗಣಕಯಂತ್ರ ವಾಲ್ವಿನದು. ಅದೇ ಸಂಸ್ಥೆ ಮತ್ತು ಜಾದವ್‌ಪುರ ವಿಶ್ವವಿದ್ಯಾಲಯ ಸೇರಿ ಕಟ್ಟಿ, 1966ರಲ್ಲಿ ಬಳಕೆಗೆ ತಂದ ‘ಐಸಿಜು-1’ ಟ್ರಾನ್ಸಿಸ್ಟರಿನದು.

ಆದರೆ ಊರಿನ ನಿಜವಾದ ಜನ ಬಂದದ್ದು ಬೇರೆ ದಾರಿಯಿಂದ. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಬಂದವರು ಇಲ್ಲಿನ ಖಾಲಿ ಬಿದ್ದ ಯುದ್ಧಕಾಲದ ಸೈನಿಕ ಬಿಡಾರಗಳಲ್ಲಿ, ಪಾಳು ನೆಲದಲ್ಲಿ ಗುಡಿಸಲು ಹಾಕಿ ಕೂತರು. ಬಿಜಯಗಢ, ಆಜಾದ್‌ಗಢ, ನೇತಾಜಿನಗರ, ಬಾಘಾ ಜತಿನ್ ಎಂದು ಈಗ ಬಸ್ಸಿನ ಬೋರ್ಡಿನಲ್ಲಿ ಕಾಣುವ ಹೆಸರುಗಳೆಲ್ಲ ಆಗಿನ ನಿರಾಶ್ರಿತರ ಕಾಲೊನಿಗಳು. ಮಾಶಿಮಾ ಬಂದದ್ದು ಬರಿಸಾಲಿನಿಂದ, ಎಂಟು ವರ್ಷದ ಹುಡುಗಿಯಾಗಿದ್ದಾಗ. ಅವರ ದೊಡ್ಡಪ್ಪನ ಮನೆಯವರು ಅಲ್ಲೇ ಉಳಿದರು.

1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನದ ಸೇನೆಯ ದಾಳಿ ಆರಂಭವಾಯಿತು. ಪತ್ರ ನಿಂತವು. ಮುಂದಿನ ಒಂಬತ್ತು ತಿಂಗಳು ಇಂಥ ಮನೆಗಳಿಗೆ ಸುದ್ದಿ ಬರುವ ಕಿಟಕಿ ರೇಡಿಯೋ ಒಂದೇ. ಆಕಾಶವಾಣಿ ಕಲ್ಕತ್ತದಿಂದ ದೇವದುಲಾಲ್ ಬಂದ್ಯೋಪಾಧ್ಯಾಯರು ‘ಸಂವಾದ ಪರಿಕ್ರಮ’ ಓದುತ್ತಿದ್ದರು. ಆ ಧ್ವನಿಯನ್ನು ಗಡಿಯ ಆಚೆ ಈಚೆ ಕೋಟ್ಯಂತರ ಜನ ಕೇಳಿದರು, ಮರುವರ್ಷ ಅವರಿಗೆ ಪದ್ಮಶ್ರೀ ಬಂತು. ಚಿತ್ತಗಾಂಗಿನ ಕಾಲೂರ್‌ಘಾಟಿನಲ್ಲಿ ಹುಟ್ಟಿದ ‘ಸ್ವಾಧೀನ ಬಾಂಗ್ಲಾ ಬೇತಾರ್ ಕೇಂದ್ರ’ ಬಾಂಬ್ ದಾಳಿಗೆ ಸಿಕ್ಕಿ, ಅಲೆದು, ಮೇ 25ರಿಂದ ಕಲ್ಕತ್ತದ ಬಾಲಿಗಂಜ್ ಸರ್ಕ್ಯುಲರ್ ರೋಡಿನ ಮನೆಯೊಂದರಿಂದ ಕೆಲಸ ಮಾಡಿತು. ಜಾದವ್‌ಪುರದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಆದರೆ ಅದು ಯಾವ ಮನೆ ಎಂದು ಹೊರಗೆ ಹೇಳುವಂತಿರಲಿಲ್ಲ. ಎಂ. ಆರ್. ಅಖ್ತರ್ ಮುಕುಲ್ ಅವರು ಢಾಕಾದ ಬೀದಿಯ ಮಾತಿನಲ್ಲಿ ಸೇನೆಯನ್ನು ಗೇಲಿ ಮಾಡುತ್ತಿದ್ದ ‘ಚರಮಪತ್ರ’ಕ್ಕೆ ನಗಲೆಂದೇ ಜನ ಕಾಯುತ್ತಿದ್ದರು. ಆಗ ಟ್ರಾನ್ಸಿಸ್ಟರ್ ಬಂದಿತ್ತಾದರೂ ಈ ಮನೆಯಲ್ಲಿ ಇದ್ದದ್ದು ಇದೇ ಐದು ವಾಲ್ವಿನ ಪೆಟ್ಟಿಗೆ. ದೀಪ ಆರಿಸಿ, ಡಯಲಿನ ಹಳದಿ ಬೆಳಕಿನಲ್ಲಿ ಹತ್ತು ಹನ್ನೆರಡು ಜನ ಕೂರುತ್ತಿದ್ದರಂತೆ. ಊರಿನ ಹೆಸರು ಬಂದ ದಿನ ಯಾರೂ ಊಟ ಮಾಡಲಿಲ್ಲ ಎಂದು ಮಾಶಿಮಾ ಹೇಳಿದರು. ದೊಡ್ಡಪ್ಪನ ಮನೆಯ ಕಥೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಗನಿಗೆ ಈ ಕಥೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಬ್ಲೂಟೂತ್ ಬೋರ್ಡಿನ ಮಾತು ಆ ಸಂಜೆಗೆ ನಿಂತಿತು.

ಈಗ ರಿಪೇರಿ. ಹಳೆಯ ರೇಡಿಯೋ ಸಿಕ್ಕಿದ ತಕ್ಷಣ ಎಲ್ಲರೂ ಮಾಡುವ ಕೆಲಸ, ಪ್ಲಗ್ ಹಾಕಿ ನೋಡುವುದು. ಅದನ್ನು ಮಾಡಬಾರದು. ಮೂವತ್ತು ವರ್ಷ ಮಲಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಮ್ಮೆಗೇ ಪೂರ್ತಿ ವೋಲ್ಟೇಜ್ ಬಂದರೆ ಸಿಡಿಯಬಹುದು. ವೈರಿನ ರಬ್ಬರ್ ಹೊದಿಕೆ ಮುಟ್ಟಿದರೆ ಉದುರುವ ಸ್ಥಿತಿಯಲ್ಲಿರುತ್ತದೆ. ಕೋಲ್ಕತ್ತದ ತೇವಕ್ಕೆ ಸ್ಪೀಕರಿನ ಕಾಗದ ಬೂಷ್ಟು ಹಿಡಿದಿರುತ್ತದೆ. ನಮ್ಮದರಲ್ಲಿ ಇಲಿ ಡಯಲಿನ ದಾರವನ್ನೂ ತಿಂದಿತ್ತು.

ಮೊದಲು ಒಣ ಬ್ರಷ್ಷಿನಿಂದ ಧೂಳು. ವಾಲ್ವಿನ ಮೇಲಿನ ಅಕ್ಷರ ಬಹಳ ಬೇಗ ಅಳಿಸಿಹೋಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಆಮೇಲೆ ಮೇಣ ಹಾಕಿದ ಹಳೆಯ ಕಾಗದದ ಕೆಪಾಸಿಟರುಗಳನ್ನು ಬದಲಿಸಬೇಕು. ಅವುಗಳಲ್ಲಿ ಒಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡುವಂತಿಲ್ಲ. ಯುಬಿಸಿ 81ರಿಂದ ಯುಎಲ್ 84ಕ್ಕೆ ಸಂಕೇತ ದಾಟಿಸುವ ಕೆಪಾಸಿಟರ್ ಅದು. ಅದು ಸ್ವಲ್ಪ ಸೋರಿದರೂ ಯುಎಲ್ 84ರ ಜಾಲರಿಗೆ ಪಾಸಿಟಿವ್ ವೋಲ್ಟೇಜ್ ಸೇರಿ, ವಾಲ್ವ್ ಮಿತಿಮೀರಿ ಕರೆಂಟ್ ಎಳೆದು, ಮೊದಲು ತಾನು ಕೆಂಪಗೆ ಕಾಯ್ದು, ಆಮೇಲೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಆ ಟ್ರಾನ್ಸ್‌ಫಾರ್ಮರ್ ಈಗ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಕೆಲವೇ ರೂಪಾಯಿಯ, 630 ವೋಲ್ಟ್ ತಡೆಯುವ ಪಾಲಿಯೆಸ್ಟರ್ ಕೆಪಾಸಿಟರ್ ಅದನ್ನು ಉಳಿಸುತ್ತದೆ. ಚಾಂದನಿ ಮಾರ್ಕೆಟ್ಟಿನಲ್ಲಿ ಸಿಕ್ಕಿತು, ನಿಮ್ಮ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ರೆಸಿಸ್ಟರುಗಳನ್ನು ಒಂದೊಂದಾಗಿ ಅಳೆದೆ. ಕಾರ್ಬನ್ನಿನವು ವಯಸ್ಸಾದಂತೆ ಬೆಲೆ ಏರಿಸಿಕೊಳ್ಳುತ್ತವೆ, ನಾಲ್ಕನ್ನು ಬದಲಿಸಿದೆ. ಹಳೆಯ ಎಲೆಕ್ಟ್ರೋಲಿಟಿಕ್ ಡಬ್ಬಿಯನ್ನು ನೋಟಕ್ಕೆ ಹಾಗೇ ಬಿಟ್ಟು, ಸಂಪರ್ಕ ತಪ್ಪಿಸಿ, ಕೆಳಗೆ ಹೊಸ ಪುಟ್ಟವನ್ನು ಕೂರಿಸಿದೆ. ಇದು ಮೋಸ ಎನ್ನುವ ಶುದ್ಧವಾದಿಗಳಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ, ಹಲ್ಲು ಕಟ್ಟಿಸಿಕೊಂಡ ಅಜ್ಜ ಬೇರೆ ಅಜ್ಜನಾಗುವುದಿಲ್ಲವಲ್ಲ.

ಮೊದಲ ಸಲ ಕರೆಂಟ್ ಕೊಟ್ಟದ್ದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮತ್ತು ಸೀರೀಸ್ ಬಲ್ಬಿನ ಮೂಲಕ. ಹಳೆಯ ತಂತಿಯ 60 ವ್ಯಾಟ್ ಬಲ್ಬು ಬೇಕು, ಎಲ್‌ಇಡಿ ಆಗುವುದಿಲ್ಲ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ರೇಡಿಯೋ ಉಳಿಯುತ್ತದೆ. ನಮ್ಮ ಬಲ್ಬು ಒಮ್ಮೆ ಬೆಳಗಿ, ನಿಧಾನವಾಗಿ ಮಂಕಾಯಿತು. ಅದು ಶುಭ ಸೂಚನೆ. ವಾಲ್ವುಗಳು ಕಿತ್ತಳೆ ಬಣ್ಣಕ್ಕೆ ತಿರುಗಲು ಅರ್ಧ ನಿಮಿಷ. ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಇನ್ನೂರು ವೋಲ್ಟ್ ಉಳಿದಿರಬಹುದು, ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿಯೇ ಕೈ ಹಾಕಬೇಕು. ಈ ಕೆಲಸ ಅಭ್ಯಾಸವಿಲ್ಲದವರಿಗಲ್ಲ. ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮಹಾಲಯಕ್ಕೆ ನಾಲ್ಕು ದಿನ ಇರುವಾಗ ಸದ್ದು ಬಂತು. ಸ್ಟೇಷನ್ ಅಲ್ಲ, ಬರೀ ‘ಝೀ...’ ಎಂಬ ಕೊರೆತ! ವಾಲ್ವುಗಳ ತಪ್ಪಲ್ಲ. ಮನೆಯ ತುಂಬ ಇರುವ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರುಗಳು ಮೀಡಿಯಂ ವೇವಿನ ಮೇಲೆ ಕಸ ಸುರಿಯುತ್ತವೆ. 1965ರ ಮನೆಯಲ್ಲಿ ಇವು ಯಾವುವೂ ಇರಲಿಲ್ಲ. ಚಾರ್ಜರುಗಳನ್ನು ಕಿತ್ತೆವು. ಹಿಂದೆ ಪ್ರತಿ ಮನೆಯಲ್ಲೂ ಗೋಡೆಯಿಂದ ಗೋಡೆಗೆ ಕಟ್ಟುತ್ತಿದ್ದ ತಾಮ್ರದ ಜಾಲರಿ ಏರಿಯಲ್ ನೆನಪಿದೆಯೇ? ಅದರ ಬದಲಿಗೆ ಮಹಡಿಯ ಮೇಲೆ ಬಟ್ಟೆ ಒಣಗಿಸುವ ಕಂಬಗಳ ನಡುವೆ ಹತ್ತು ಮೀಟರ್ ತಂತಿ ಎಳೆದೆವು. ಡಯಲಿನಲ್ಲಿ ಅಂಕಿಗಳಿರುವುದು ಮೀಟರಿನಲ್ಲಿ. 657 ಕಿಲೋಹರ್ಟ್ಸ್ ಎಂದರೆ 456 ಮೀಟರಿನ ಆಸುಪಾಸು. ಅಲ್ಲಿ ಮುಳ್ಳು ತಂದಾಗ ಕೋಲ್ಕತ್ತ ಕೇಂದ್ರ ಎದುರುಮನೆಯವರಷ್ಟು ಸ್ಪಷ್ಟವಾಗಿ ಮಾತಾಡಿತು. ಆ ನಸುಕಿನಲ್ಲಿ ಮಾಶಿಮಾ ಒಬ್ಬರೇ ಕೂತು ಕೇಳಿದರು, ನಾವು ಮೇಲಿನ ಮನೆಯಲ್ಲಿ ಮಲಗಿಕೊಂಡೇ ಕೇಳಿದೆವು. ಅಷ್ಟು ಜೋರಾಗಿಟ್ಟಿದ್ದರು.

ಹಾಗೆಂದು ಮಗನ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ರೇಡಿಯೋ ಸರಿಯಾಯಿತು, ಆದರೆ ಕೇಳಲು ಏನಿದೆ? ಈ ಡಯಲಿನ ಶಾರ್ಟ್‌ವೇವ್ ಪಟ್ಟಿಯಲ್ಲಿ ಲಂಡನ್, ಕೊಲಂಬೊ ಎಂದು ಬರೆದಿದೆ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಯಲ್ಲಿ ನಿಂತಿತು. 1941ರಲ್ಲಿ ಆರಂಭವಾಗಿದ್ದ ಬಿಬಿಸಿ ಬಾಂಗ್ಲಾ ರೇಡಿಯೋ 2022ರ ಡಿಸೆಂಬರ್ 31ಕ್ಕೆ ಮುಗಿಯಿತು. ನಮ್ಮ ದೇಶದಲ್ಲೂ ಮೀಡಿಯಂ ವೇವಿನ ಹಲವು ಹಳೆಯ ಪ್ರೇಷಕಗಳನ್ನು ಮುಚ್ಚಿ ಎಫ್‌ಎಂ ಕಡೆ ಹೋಗಿದ್ದಾರೆ. ಈ ವಾಲ್ವ್ ಸೆಟ್ಟಿಗೆ ಎಫ್‌ಎಂ ಗೊತ್ತಿಲ್ಲ. ಆದ್ದರಿಂದ ಕೊನೆಗೆ ಒಂದು ರಾಜಿ ಮಾಡಿದೆವು. ಹಳೆಯ ಸೆಟ್ಟುಗಳ ಹಿಂದೆ ಗ್ರಾಮಫೋನ್ ಜೋಡಿಸಲು ಎರಡು ತೂತು ಇರುತ್ತವೆ, ಅಲ್ಲಿಂದ ಬ್ಲೂಟೂತ್ ರಿಸೀವರಿನ ಸದ್ದು ಕೊಡಬಹುದು, ಒಳಗಿನ ಒಂದು ತಂತಿಯನ್ನೂ ಕತ್ತರಿಸಬೇಕಾಗಿಲ್ಲ. ಆದರೆ ಎಸಿ-ಡಿಸಿ ಸೆಟ್ಟಿನಲ್ಲಿ ಆ ತೂತುಗಳಿಗೂ ಚಾಸಿಯ ಕರೆಂಟ್ ಬರಬಹುದು. ನೇರವಾಗಿ ಮೊಬೈಲ್ ಜೋಡಿಸಿದರೆ ಮೊಬೈಲೂ ಹೋದೀತು, ಮನುಷ್ಯನೂ ಹೋದಾನು. ನಡುವೆ ಮೇನ್ಸ್ ವೋಲ್ಟೇಜ್ ತಡೆಯುವ ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಿ, ಇಡೀ ಸೆಟ್ಟನ್ನು ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ಮೇಲೇ ಇಟ್ಟಿದ್ದೇವೆ. ಕೆಲವರು ಪುಟ್ಟ ಎಎಂ ಪ್ರೇಷಕವನ್ನು ಮಾಡಿಕೊಂಡು ಮನೆಯೊಳಗೇ ಪ್ರಸಾರ ಮಾಡುತ್ತಾರೆ. ಕಾನೂನಿನ ಕಣ್ಣಿಗೆ ಅದು ಎಷ್ಟೇ ಚಿಕ್ಕದಾದರೂ ಪ್ರೇಷಕವೇ, ನನಗೆ ಆ ದಾರಿ ಬೇಡವೆನಿಸಿತು.

ಈಗ ಹಗಲು ಮಗನ ಹಾಡು, ಸಂಜೆ ತಾಯಿಯ ಮೀಡಿಯಂ ವೇವ್. ರಾತ್ರಿ ಹನ್ನೊಂದರ ಮೇಲೆ ಒಮ್ಮೊಮ್ಮೆ ನನಗೂ ಸರದಿ ಸಿಗುತ್ತದೆ. ಹಗಲು ಮೀಡಿಯಂ ವೇವನ್ನು ನುಂಗುವ ಅಯಾನುಗೋಳದ ಕೆಳಪದರ ರಾತ್ರಿ ಕರಗಿಹೋಗಿ, ದೂರದ ಕೇಂದ್ರಗಳು ಮೇಲಿನ ಪದರದಿಂದ ಪುಟಿದು ಬರುತ್ತವೆ. ಶಿಶಿರ್ ಮಿತ್ರರು ಬದುಕಿಡೀ ಅಳೆದದ್ದು ಇದನ್ನೇ. 612ರಲ್ಲಿ ಬೆಂಗಳೂರು ಸಿಕ್ಕೀತೇ ಎಂದು ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೂರುತ್ತೇನೆ. ಗೊರಗೊರ ಸದ್ದಿನ ಹಿಂದೆ ಒಂದು ರಾತ್ರಿ ವೀಣೆಯಂಥದ್ದು ಕೇಳಿತು. ಯಾವ ಊರಿನದೋ, ಹೆಸರು ಹೇಳುವ ಹೊತ್ತಿಗೆ ಮುಳುಗಿಹೋಯಿತು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪೆಟ್ಟಿಗೆ ಇರಬಹುದು. ಇದ್ದರೆ ಪ್ಲಗ್ ಹಾಕದೆ, ಹಿಂಬದಿಯ ಹಲಗೆ ತೆಗೆದು, ಟಾರ್ಚ್ ಹಿಡಿದು ವಾಲ್ವಿನ ಮೇಲೆ ಏನು ಬರೆದಿದೆ ಓದಿ ನೋಡಿ. ‘ಯು’ನಿಂದ ಆರಂಭವಾಗುತ್ತದೆಯೋ, ‘ಇ’ನಿಂದಲೋ? ಬಿಇಎಲ್ ಮುದ್ರೆ ಇದೆಯೇ? ಕೊಂಡವರು ಯಾರು, ಯಾವ ಊರಿನಲ್ಲಿ, ಅಂಚೆ ಕಚೇರಿಯಲ್ಲಿ ಹಣ ಕಟ್ಟಿದ ಹಳೆಯ ಲೈಸೆನ್ಸ್ ಪುಸ್ತಕ ಉಳಿದಿದೆಯೇ? ಎರಡು ಸಾಲು ಬರೆದು ನಮ್ಮ ಕನ್ನಡ ವಿಭಾಗಕ್ಕೆ ಕಳಿಸಿ.